ನೂರಾ ಒಂದು ಕುರಿ

ಬೀಳಗಿಯ ನಮ್ಮ ಆಫೀಸಿನಲ್ಲಿ ಇದ್ದವರು ಮೂವರು. ಊಟ ಮಾತ್ರ ಎರಡು ಕಡೆ ನಡೆಯುತ್ತಿತ್ತು. ಕಂಪ್ಯೂಟರ್ ನೋಡಿಕೊಳ್ಳುವ ಸರಿತಾ, ಹಳ್ಳಿ ತಿರುಗುವ ಸಂಜಯ ಇಬ್ಬರೂ ಒಳಗಿನ ಸ್ಟೋರಿನಲ್ಲಿ ಉಣ್ಣೆಯ ಚೀಲಗಳ ನಡುವೆ ಹಳೆ ಪೇಪರು ಹಾಸಿ ಕೂಡುತ್ತಿದ್ದರು. ನಾನು ನನ್ನ ಮೇಜಿನ ಮೇಲೆಯೇ ಡಬ್ಬಿ ಬಿಚ್ಚುತ್ತಿದ್ದೆ. ಕೆಲಸಕ್ಕೆ ಸೇರಿದ ಮೊದಲ ವಾರ ಸರಿತಾ ಕರೆದಿದ್ದಳು, ಹೋಗಿದ್ದೆ. ನಾನು ಕೂತ ಕೂಡಲೇ ಅವರ ಮಾತು ನಿಂತು, ರೊಟ್ಟಿ ಮುರಿಯುವ ಸದ್ದಷ್ಟೇ ಉಳಿಯಿತು. ಪಾಪ, ಸಂಬಳದ ಕಾಗದಕ್ಕೆ ಸಹಿ ಹಾಕುವವಳ ಎದುರು ಏನು ಮಾತಾಡಿಯಾರು? ಮರುದಿನ ಕರೆದಾಗ ಕೆಲಸವಿದೆ ಎಂದೆ. ಮೂರನೆಯ ದಿನ ಅವರು ಕರೆಯಲಿಲ್ಲ.

ನಮ್ಮದು ಕುರಿಗಾರರ ಕಂಪನಿ. ಬೀಳಗಿ, ಮುಧೋಳ, ಜಮಖಂಡಿ ಕಡೆಯ ನೂರಾ ಹನ್ನೆರಡು ಕುಟುಂಬಗಳು ಷೇರು ಹಾಕಿ ಕಟ್ಟಿಕೊಂಡದ್ದು. ದಲ್ಲಾಳಿಗಳನ್ನು ಬಿಟ್ಟು, ಮರಿಗಳನ್ನು ತಕ್ಕಡಿಗೆ ಹಾಕಿ, ದೊಡ್ಡ ಖರೀದಿದಾರರಿಗೆ ನೇರವಾಗಿ ಮಾರುವುದು ಅದರ ಉದ್ದೇಶ. ಮುಖ್ಯ ಕಾರ್ಯನಿರ್ವಾಹಕಿ ಎಂಬ ಉದ್ದನೆಯ ಹುದ್ದೆ ನನ್ನದು. ಹೆಸರೂ ಉದ್ದ, ಸಂಘಮಿತ್ರಾ. ಅದಕ್ಕೂ ಮೊದಲು ಹದಿನೆಂಟು ವರ್ಷ ಮುಧೋಳದ ಕಡೆ ಹಾಲಿನ ಡೇರಿಗಳಲ್ಲಿ ದುಡಿದಿದ್ದೆ. ಹಾಲು ಅಳೆಯುವ ಹುಡುಗಿಯಾಗಿ ಸೇರಿ ಸೂಪರ್‌ವೈಸರ್ ಆಗಿ ಹೊರಬಿದ್ದೆ. ಅವ್ವ ತೀರಿಕೊಂಡ ವರ್ಷ ಈ ಕೆಲಸ ಸಿಕ್ಕಿತು. ಮುಧೋಳದ ಮನೆ ಬಿಟ್ಟು ಬೀಳಗಿಯಲ್ಲಿ ಗೊಬ್ಬರದ ಅಂಗಡಿಯ ಮೇಲೆ ಒಂದು ಖೋಲಿ ಹಿಡಿದೆ. ಬಟ್ಟೆಗೆಲ್ಲ ಯೂರಿಯಾ ವಾಸನೆ. ಹೇಳುವವರಿಲ್ಲದ್ದರಿಂದ ಅದು ನನಗೇ ತಿಳಿಯಲು ತಿಂಗಳು ಹಿಡಿಯಿತು.

ನಾನು ಬಂದಾಗ ಕಂಪನಿ ಹೆಸರಿಗಷ್ಟೇ ಇತ್ತು. ಸದಸ್ಯರು ಮರಿಗಳನ್ನು ಸಂತೆಯಲ್ಲಿ ದಲ್ಲಾಳಿಗಳಿಗೇ ಮಾರುತ್ತಿದ್ದರು. ಹಿರಿಯ ನಿರ್ದೇಶಕರು ಸಲಹೆಗಾರ ಯುವರಾಜನನ್ನು ಕರೆಸಿದರು. ಜಮಖಂಡಿಯವನೇ, ಮೂವತ್ತೆರಡರ ಹುಡುಗ, ದೊಡ್ಡ ಕಾಲೇಜಿನಲ್ಲಿ ವ್ಯಾಪಾರ ಓದಿದವನು. ಪ್ರೊಜೆಕ್ಟರಿನಿಂದ ಗೋಡೆಯ ಮೇಲೆ ಚಿತ್ರ ಬಿಟ್ಟು ಬೆಳವಣಿಗೆಯ ದಾರಿ ತೋರಿಸಿದ. ಖರೀದಿದಾರ ಸಿದ್ಧನಿದ್ದಾನೆ, ತಿಂಗಳಿಗೆ ಆರು ನೂರು ಮರಿ ತಪ್ಪದೆ ಕೊಟ್ಟರೆ ವರ್ಷದ ಒಪ್ಪಂದ. ಆದರೆ ಸದಸ್ಯರು ಅರ್ಧದಲ್ಲಿ ಕೈ ಬಿಟ್ಟರೆ?

"ಅದೇ ನಮ್ಮ ದೊಡ್ಡ ಸಮಸ್ಯೆ ಮೇಡಂ," ಎಂದ. "ಸದಸ್ಯರ ನಿಷ್ಠೆ."

ಅದಕ್ಕೆ ಉತ್ತರ ನನ್ನಲ್ಲಿತ್ತು. ಡೇರಿಯಲ್ಲಿ ಹದಿನೆಂಟು ವರ್ಷ ನೋಡಿದ್ದೇನೆ, ಸಹಿ ಹಾಕಿದ ಕಾಗದ ಯಾರನ್ನೂ ಹಿಡಿದಿಡುವುದಿಲ್ಲ. ಖಾಸಗಿ ಗಾಡಿ ಲೀಟರಿಗೆ ಒಂದು ರೂಪಾಯಿ ಹೆಚ್ಚು ಕೊಟ್ಟರೆ ಮರುದಿನವೇ ನಮ್ಮ ಕ್ಯಾನು ಖಾಲಿ. ಹಾಗಾಗಿ, ಕಾಗದ ಆಮೇಲೆ, ಮೊದಲು ಬೀರೇಶ್ವರನ ಗುಡಿಯಲ್ಲಿ ಭಂಡಾರ ಹಿಡಿಸೋಣ ಎಂದೆ. ಭಂಡಾರ ಎಂದರೆ ದೇವರ ಅರಿಶಿನಪುಡಿ. ಅದನ್ನು ಮುಟ್ಟಿಗೆಯಲ್ಲಿ ಹಿಡಿದು ಆಡಿದ ಮಾತನ್ನು ಕುರಿಗಾರರು ಮುರಿಯುವುದಿಲ್ಲ. ನನ್ನ ದೇವರಲ್ಲ, ನನ್ನ ಜನರೂ ಅಲ್ಲ. ಆದರೆ ಯಾವ ಗಂಟು ಬಿಗಿಯಾಗಿ ಕೂಡುತ್ತದೆ ಎಂದು ಕಾಣುವ ಕಣ್ಣು ನನಗಿತ್ತು. ಯುವರಾಜ ಕೈ ಕುಲುಕಿದ.

ಗುಡಿಯಲ್ಲಿ ನೂರಾ ಹನ್ನೆರಡು ಜನ ಸಾಲಾಗಿ ಬಂದರು. ಒಬ್ಬೊಬ್ಬರೂ ಭಂಡಾರ ಹಿಡಿದು ಹೆಸರು ಹೇಳಿ, ಹಿಂಡಿನಲ್ಲಿ ಎಷ್ಟು ಕುರಿ ಇವೆ ಎಂದು ಹೇಳಿ, ನನ್ನ ಪಾಲು ಕಂಪನಿಗೆ ತಪ್ಪದೆ ಕೊಡುತ್ತೇನೆ ಎಂದರು. ಸಂಜಯ ಬರೆದುಕೊಂಡ. ರಾತ್ರಿ ಅವನ ಪುಸ್ತಕ ತಿರುವಿದಾಗ ಅರವತ್ತಕ್ಕೂ ಹೆಚ್ಚು ಕಡೆ ಒಂದೇ ಸಂಖ್ಯೆ ಕಂಡಿತು, ನೂರಾ ಒಂದು. ಹತ್ತಿರ ಹತ್ತಿರದ ಸಂಖ್ಯೆಯನ್ನು ದುಂಡಗೆ ಮಾಡಿ ಹೇಳುತ್ತಾರೆ, ಹಾಲಿನವರೂ ಹಾಗೆಯೇ, ಎಂದುಕೊಂಡೆ. ಯುವರಾಜ ತಾಲೂಕಿನ ಜಾನುವಾರು ಗಣತಿಗೆ ಹೋಲಿಸಿ ನೋಡಿ, "ಸರಾಸರಿ ಕೂಡತೈತಿ ಮೇಡಂ. ಸರಾಸರಿ ಕೂಡಿದ್ರ ಸಾಕು," ಎಂದ. ಹಿಂಡಿಗೆ ನೂರು ಎಂದರೆ ತಿಂಗಳಿಗೆ ಆರು ಮರಿ. ಎಲ್ಲರಿಗೂ ಆರು ಎಂದು ಗೊತ್ತುಮಾಡಿದೆವು.

ನನ್ನ ಗಂಟು ಗಟ್ಟಿಯಾಗಿತ್ತು. ಏಳು ತಿಂಗಳು ಒಂದು ಮರಿಯೂ ಕಡಿಮೆ ಬೀಳಲಿಲ್ಲ. ಖರೀದಿದಾರ ಎರಡನೆಯ ವರ್ಷಕ್ಕೆ ಒಂಬೈನೂರು ಕೊಡುತ್ತೀರಾ ಎಂದು ಕೇಳಿದ. ಮಾರ್ಚ್ ಹದಿನೆಂಟಕ್ಕೆ ವಾರ್ಷಿಕ ಸಭೆ, ಅಲ್ಲಿಯೇ ಹೊಸ ಒಪ್ಪಂದಕ್ಕೆ ಸಹಿ. ನನ್ನ ನೌಕರಿ ಮುಂದುವರಿಸುವ ಠರಾವೂ ಅದೇ ಸಭೆಯಲ್ಲಿ. ಒಬ್ಬ ಮಾದರಿ ಸದಸ್ಯನಿಗೆ ಸನ್ಮಾನ ಮಾಡೋಣ ಎಂದ ಯುವರಾಜ. ಸರಿತಾ ಪಟ್ಟಿ ತೆಗೆದಳು. ಒಮ್ಮೆಯೂ ತಡಮಾಡದವನು, ಒಂದು ಮರಿಯೂ ತೂಕದಲ್ಲಿ ವಾಪಸು ಬರದವನು, ಜಕ್ಕಪ್ಪ.

"ಆದ್ರ ಮೇಡಂ, ಈಗ ಎರಡ ತಿಂಗಳಾತು, ಇವನ ಕಡಿಂದ ಬರೇ ಹೆಣ್ಣ ಬರಾಕತ್ತಾವು," ಎಂದಳು ಸರಿತಾ.

"ತೂಕ ಸರಿ ಐತಿಲ್ಲ?" ಎಂದೆ.

"ತೂಕ ಐತ್ರಿ."

ಅಷ್ಟಕ್ಕೇ ನಿಲ್ಲಿಸಿದೆ.

ಶನಿವಾರ ಜಮಖಂಡಿಯಲ್ಲಿ ಬಸ್ಸು ಬದಲಿಸಿ ತುಬಚಿಗೆ ಹೋದೆ. ಜಕ್ಕಪ್ಪನಿಗೆ ಹೇಳಲು ಫೋನು ಸಾಕಿತ್ತು. ಆದರೆ ಶನಿವಾರ ಮಧ್ಯಾಹ್ನ ಆಫೀಸು ಮುಚ್ಚಿದ ಮೇಲೆ ಸೋಮವಾರದವರೆಗೆ ನನಗೆ ಯಾರ ಹತ್ತಿರವೂ ಮಾತಾಡುವ ಕಾರಣ ಇರುತ್ತಿರಲಿಲ್ಲ. ಕೈಚೀಲದಲ್ಲಿ ರಬಕವಿಯಿಂದ ತಂದ ಒಂದು ಹತ್ತಿ ಸೀರೆ ಇತ್ತು, ಜಕ್ಕಪ್ಪನ ಹೆಂಡತಿಗೆಂದು.

ಕಬ್ಬು ಕಡಿದ ಹೊಲದಲ್ಲಿ ಅವರ ಬಿಡಾರ. ಒಂದು ಕುದುರೆ, ಎರಡು ನಾಯಿ, ಬಲೆಯ ದೊಡ್ಡಿ. ಅರವತ್ತರ ಹತ್ತಿರದ ಹೆಣ್ಣುಮಗಳು ಒಲೆ ಊದುತ್ತಿದ್ದವಳು ತಲೆಯೆತ್ತಿದಳು.

"ಏಳ, ಕಂಪನಿ ಅಕ್ಕಾರು ಬಂದಾರ," ಎಂದು ತುಸು ದೂರದಲ್ಲಿ ಮಲಗಿದ್ದ ಗಂಡನಿಗೆ ಕೂಗಿದಳು. ನನಗೆ ಕಂಬಳಿ ಹಾಸಿದಳು. "ಗುಡ್ಯಾಗ ನೋಡಿದ್ದೆನ್ರಿ. ಹೆಸರ ಮರತೈತಿ."

"ಸಂಘಮಿತ್ರಾ."

"ಅಷ್ಟ ಉದ್ದ ಕರಿಯೂದ್ರಾಗ ಕುರಿ ಹೊಲಾ ದಾಟಿರತಾವು. ಮಿತ್ರವ್ವಾ ಅಂದ್ರ ನಡೀತೈತಿಲ್ರಿ? ನಾ ಪದ್ಮವ್ವ."

ಅವ್ವ ಹೋದ ಮೇಲೆ ನನ್ನ ಹೆಸರನ್ನು ಯಾರೂ ತುಂಡು ಮಾಡಿರಲಿಲ್ಲ. ನಡೆಯುತ್ತದೆ ಎಂದೆ. ಆಡಿನ ಹಾಲಿನ ಚಹಾ ಕೊಟ್ಟಳು. ನಾನು ಕುಡಿದಿಟ್ಟ ಲೋಟವನ್ನು ಹಾಗೇ ತುಂಬಿಕೊಂಡು ತಾನೂ ಕುಡಿದಳು. ನನಗೆಂದು ಬೇರೆ ಲೋಟ ಇಡುವುದು, ಇಡದಿರುವುದು ನನ್ನ ಕಣ್ಣಿಗೆ ಬೀಳುತ್ತದೆ. ನಲವತ್ತೆರಡು ವರ್ಷದಿಂದ ಬೀಳುತ್ತಲೇ ಇದೆ.

ಜಕ್ಕಪ್ಪ ತಲೆಗೆ ಪಟಕ ಸುತ್ತಿಕೊಳ್ಳುತ್ತ ಬಂದು ಕೂತ. ಮಾತು ಕಡಿಮೆಯ ಮನುಷ್ಯ. ಜಾಲಿ ಗಿಡದ ನೆರಳಲ್ಲಿ ಒಂದಿಷ್ಟು ಕುರಿಗಳು ತಲೆ ತಗ್ಗಿಸಿ ನಿಂತಿದ್ದವು.

"ಉಳಿದವು ಎಲ್ಲಿ ಮೇಯಾಕ ಹೋಗ್ಯಾವ್ರಿ?" ಎಂದೆ.

ಜಕ್ಕಪ್ಪ ನೆಲ ನೋಡಿದ. ಪದ್ಮವ್ವ ಒಲೆಯಲ್ಲಿ ಕಟ್ಟಿಗೆ ಸರಿಸಿದಳು. "ಉಳಿದವು ನಿಮ್ಮ ಗಾಡ್ಯಾಗ ಹೋಗ್ಯಾವು."

ನನಗೆ ತಿಳಿಯಲಿಲ್ಲ. ತುಟಿ ಬಿಚ್ಚದೆ ನೆರಳಿನ ಕಡೆ ಕಣ್ಣಾಡಿಸಿದೆ. ಹತ್ತೊಂಬತ್ತು.

"ಎಣಿಸಬ್ಯಾಡ್ರಿ," ಎಂದ ಜಕ್ಕಪ್ಪ.

"ಇಲ್ಲರಿ, ನಾ ಎಣಿಸಲಿಲ್ಲ."

"ಕಣ್ಣ ಎಣಿಸಾಕತ್ತಿದ್ವು."

"ಆವತ್ತ ಗುಡ್ಯಾಗ ನೂರಾ ಒಂದು ಅಂದಿದ್ರಲ್ರಿ?"

"ಅಂದಿದ್ದೆ."

"ಆವಾಗ ಇದ್ವೇನು?"

"ಎಷ್ಟ ಅದಾವು ಅಂತ ಮಂದಿ ಮುಂದ ಕೇಳಿದ್ರ ಏನ ಹೇಳಬೇಕ್ರಿ? ನೂರಾ ಒಂದು ಅನಬೇಕು. ನಮ್ಮಪ್ಪನೂ ಅದನ್ನ ಅಂತಿದ್ದ, ಅವರಪ್ಪನೂ ಅದನ್ನ. ಅಷ್ಟ ಆಗಲಿ ಅಂತ ಅನ್ನೂದು. ಇದ್ದದ್ದ ಬಾಯಿ ಬಿಟ್ಟ ಹೇಳಿದ್ರ ಹಿಂಡ ಕಡಿಮಿ ಆಗತೈತಿ."

"ಹೇಳಲಿಲ್ಲ. ಆದ್ರೂ ಆತು," ಎಂದಳು ಪದ್ಮವ್ವ.

ನನಗೆ ಎಲ್ಲವೂ ಒಮ್ಮೆಗೇ ಅರ್ಥವಾಯಿತು. ನಲವತ್ತು ಚಿಲ್ಲರೆ ಕುರಿಯವನೂ ನೂರಾ ಒಂದು ಎಂದಿದ್ದ, ಮುನ್ನೂರು ಕುರಿಯವನೂ ನೂರಾ ಒಂದು ಎಂದಿದ್ದ. ಸರಾಸರಿ ಸರಿಯಾಗಿತ್ತು. ಮುನ್ನೂರರವನು ಆರು ಮರಿ ನಮಗೆ ಹಾಕಿ ಉಳಿದದ್ದನ್ನು ದಲ್ಲಾಳಿಗೆ ಮಾರುತ್ತಿದ್ದ. ನಲವತ್ತರವನು ಮೊದಲು ಗಂಡುಮರಿ ಕೊಟ್ಟ, ಆಮೇಲೆ ಹೆಣ್ಣುಮರಿ, ಈಗ ಈಯುವ ಕುರಿಗಳನ್ನೇ. ಏಳು ತಿಂಗಳಿಗೆ ನಲವತ್ತೆರಡು.

"ಸಂಜಯಗ ಹೇಳಬೇಕಿಲ್ಲೇನ್ರಿ?"

"ಏನಂತ ಹೇಳಲಿ? ಭಂಡಾರ ಹಿಡದ ಆಡಿದ ಮಾತು. ಸಂಜಯ ಬಂದ, ಜಕ್ಕಪ್ಪ ನಿನ್ನ ಪಾಲಿಗೆ ಆರು ಅಂದ. ಆರು ಕೊಟ್ಟೆ."

ಪದ್ಮವ್ವ ಎದ್ದು ನೆರಳಿನ ಕಡೆ ಕೈ ಮಾಡಿದಳು. ಆರು ಕುರಿಗಳ ಬೆನ್ನಿಗೆ ಕೆಂಪು ಬಣ್ಣ ಹಚ್ಚಿತ್ತು. "ಅವು ಬರೂ ಗುರುವಾರದ ಗಾಡಿಗೆ. ಆ ಮೂತಿ ಕರಿದೈತಲ್ಲ, ಅದು ಕೆಂಚಿ ಮಗಳು. ಕೆಂಚಿ ಹ್ವಾದ ತಿಂಗಳ ನಿಮ್ಮ ಗಾಡಿ ಹತ್ತಿದ್ಲು. ಇದು ಗಬ್ಬ ಐತಿ. ಬಾಜೂಕ ಇರೂದೂ ಗಬ್ಬ ಐತಿ." ಆಮೇಲೆ ನನ್ನ ಚೀಲದ ಬಾಯಿಂದ ಇಣುಕುತ್ತಿದ್ದ ಸೀರೆ ನೋಡಿ, "ಇದೇನ್ರಿ?" ಎಂದಳು.

ಹೇಳದೆ ದಾರಿಯಿರಲಿಲ್ಲ. ಹೇಳಿದೆ. ಜಕ್ಕಪ್ಪನಿಗೆ ಸನ್ಮಾನ, ಕಂಪನಿಯ ಮಾದರಿ ಸದಸ್ಯನೆಂದು.

ಪದ್ಮವ್ವ ನಗಲು ಹತ್ತಿದವಳು ದೊಡ್ಡಿಯ ಗೂಟ ಹಿಡಿದುಕೊಳ್ಳಬೇಕಾಯಿತು. "ಕೇಳಿದೇನ? ಹಿಂಡ ಖಾಲಿ ಮಾಡಿದ್ದಕ್ಕ ನಿನಗ ಹಾರ ಹಾಕತಾರಂತ! ಹೋಗಿ ಪಟಕ ಒಗದ ಹಾಕ!" ನಕ್ಕು ನಕ್ಕು ಕಣ್ಣು ಒರೆಸಿಕೊಂಡಳು. ಜಕ್ಕಪ್ಪ ನಗಲಿಲ್ಲ, ನಾನೂ ನಗಲಿಲ್ಲ.

"ಗುರುವಾರ ಗಾಡಿ ಇಲ್ಲಿ ನಿಲ್ಲಬಾರದಂತ ಹೇಳತೇನ್ರಿ," ಎಂದೆ.

"ನಿಲ್ಲದಿದ್ರ ನಾ ಹೊಡಕೊಂಡು ಬೀಳಗಿಗೆ ಬರತೇನಿ," ಎಂದ ಜಕ್ಕಪ್ಪ.

"ಕಂಪನಿನ ಬ್ಯಾಡ ಅಂದ್ರೂ?"

"ಕಂಪನಿ ಅಂದ್ರ ನೀವೊಬ್ರೇನ್ರಿ?" ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಮಗುವಿಗೆ ಹೇಳುವಂತೆ ಹೇಳಿದ. "ಆವತ್ತ ಎಲ್ಲಾರ ಮುಂದ ಮಾತ ತಗೊಂಡ್ರಿ. ಎಲ್ಲಾರ ಮುಂದ ತಿರುಗಿ ಕೊಡ್ರಿ. ಆವಾಗ ಬಿಡತೇನಿ. ಕಿವ್ಯಾಗ ಹೇಳಿದ್ರ ಹೆಂಗ ಬಿಡಲಿ?"

ಬಸ್ಸಿನಿಂದಲೇ ಯುವರಾಜನಿಗೆ ಫೋನು ಮಾಡಿದೆ. ಅವನು ಪೂರ್ತಿ ಕೇಳಿದ. ಕೆಟ್ಟವನಲ್ಲ. ಆಮೇಲೆ, "ಮೇಡಂ, ಹದಿನೆಂಟಕ್ಕ ಸಹಿ ಆಗಲಿ. ಆಮ್ಯಾಲ ನಿಧಾನಕ್ಕ ಸರಿ ಮಾಡೋಣು. ಈಗ ಸಭಾ ಕರದು ನಮ್ಮ ಲೆಕ್ಕನ ಸುಳ್ಳು ಅಂದ್ರ ಖರೀದಿದಾರ ಓಡಿ ಹೋಗತಾನ. ಕಂಪನಿ ಉಳದ್ರ ಜಕ್ಕಪ್ಪಗ ಹತ್ತ ಕುರಿ ಕೊಡಸಬಹುದು. ಮುಳುಗಿದ್ರ ಯಾರಿಗೆ ಏನ ಕೊಡತೀರಿ?" ಎಂದ.

ಮಾತಿನಲ್ಲಿ ತಪ್ಪು ಹುಡುಕಲು ನೋಡಿದೆ, ಸಿಗಲಿಲ್ಲ. ಒಂದು ಮಾತ್ರ ಅವನ ಲೆಕ್ಕದಲ್ಲಿರಲಿಲ್ಲ. ಹದಿನೆಂಟಕ್ಕಿಂತ ಮೊದಲು ಗುರುವಾರ ಬರುತ್ತಿತ್ತು.

ಭಾನುವಾರ ಬೆಳಿಗ್ಗೆ ಅಧ್ಯಕ್ಷ ಗುರುಪಾದಪ್ಪನ ಮನೆಗೆ ಹೋದೆ. ಬೀಳಗಿಯ ಹೊರಗೆ ಅವರ ದೊಡ್ಡಿ. ಕುರಿಗಳು ಮೇಯಲು ಹೊರಟಿದ್ದವು, ನಾನು ದಾರಿ ಬಿಟ್ಟು ನಿಂತೆ. ನಿಂತೇ ಇದ್ದೆ. ಮುನ್ನೂರಕ್ಕೆ ಕಡಿಮೆಯಿರಲಿಲ್ಲ.

"ನೀವೂ ನೂರಾ ಒಂದು ಅಂದಿದ್ರಿ," ಎಂದೆ.

"ಮತ್ತೇನ ಅನ್ನಲಿ?"

"ಎಲ್ಲಾರೂ ಹಂಗ ಅಂತಾರ ಅಂತ ನನಗ್ಯಾಕ ಹೇಳಲಿಲ್ಲರಿ?"

"ನೀವು ಕೇಳಲಿಲ್ಲಲ್ರಿ." ಅವರು ನಿಜವಾಗಿಯೂ ಆಶ್ಚರ್ಯಪಟ್ಟಂತಿತ್ತು. "ನಮಗ ಅದು ಹೇಳೂ ಸುದ್ದಿ ಅನಸಲಿಲ್ಲ. ಸೂರ್ಯಾ ಮೂಡಿದಾ ಅಂತ ಯಾರಾದ್ರೂ ಬಂದ ಹೇಳತಾರೇನು?"

ಸಭೆ ಕರೆಯಬೇಕು ಎಂದೆ, ಬುಧವಾರವೇ. ಗುರುಪಾದಪ್ಪ ಬಾಗಿಲ ಚೌಕಟ್ಟಿಗೆ ಬೆನ್ನು ತಿಕ್ಕಿದರು. "ಕರೀರಿ. ನಿಮ್ಮ ಅಧಿಕಾರ ಐತಿ. ಆದ್ರ ಆ ಸಭಾ ಆದ ಮ್ಯಾಲ ನಿಮ್ಮ ಕುರ್ಚಿ ಉಳಿಯೂದಿಲ್ಲ. ಬೆದರಸಾಕತ್ತಿಲ್ಲ ನೋಡ್ರಿ, ಛಲೋದಕ್ಕ ಹೇಳಾಕತ್ತೇನಿ."

ಖೋಲಿಗೆ ಬಂದೆ. ಬಿಸಿಲಿಗೆ ತಗಡು ಟಿಕ್ ಟಿಕ್ ಎನ್ನುತ್ತಿತ್ತು. ಯಾರನ್ನಾದರೂ ಒಂದು ಮಾತು ಕೇಳೋಣ ಎಂದು ಫೋನು ತೆರೆದೆ. ನಾಲ್ಕು ನೂರು ಹೆಸರುಗಳಿದ್ದವು. ತೂಕದ ಮಷೀನು ರಿಪೇರಿ. ಗಾಡಿ ಡ್ರೈವರ್ ಗುರುಸಿದ್ದ. ಸಮೀರವಾಡಿ ಕ್ಯಾಂಟೀನ್ ಹಾಲು. ಗ್ಯಾಸ್. ಮೇಲಿಂದ ಕೆಳಗಿನವರೆಗೆ ಬೆರಳಾಡಿಸಿದೆ. ನನ್ನ ಕೆಲಸ ಹೋಗಬಹುದು, ಏನು ಮಾಡಲಿ ಎಂದು ಕೇಳಬಹುದಾದ ಹೆಸರು ಅದರಲ್ಲಿ ಒಂದೂ ಇರಲಿಲ್ಲ. ಜನರ ನಡುವೆಯೇ ಹತ್ತೊಂಬತ್ತು ವರ್ಷ ಕಳೆದವಳು ನಾನು. ಎಲ್ಲರ ಹಾಲಿನ ಕೊಬ್ಬು ಗೊತ್ತಿತ್ತು, ಯಾರ ಎಮ್ಮೆ ಯಾವಾಗ ಈಯುತ್ತದೆ ಎಂದು ಗೊತ್ತಿತ್ತು. ಅವರಿಗೆ ನನ್ನ ಬಗ್ಗೆ ತಿಳಿಯುವ ಅಗತ್ಯ ಬಿದ್ದಿರಲಿಲ್ಲ. ನಾನೂ ಬೀಳಿಸಿರಲಿಲ್ಲ.

ಅಕ್ಕಿ ತೊಳೆದು ಒಲೆಗಿಟ್ಟೆ. ಅನ್ನ ಬೇಯುವುದರೊಳಗೆ ಸಂಜಯನಿಗೆ ಫೋನು ಮಾಡಿ, ಬುಧವಾರ ಮಧ್ಯಾಹ್ನ ಗುಡಿಯಲ್ಲಿ ಸಭೆ ಎಂದು ಎಲ್ಲ ಬಿಡಾರಗಳಿಗೂ ಸುದ್ದಿ ಮುಟ್ಟಿಸಲು ಹೇಳಿದೆ.

ಸೋಮವಾರ ಅವನು ನನ್ನ ಮೇಜಿನ ಮುಂದೆ ಬಂದು ನಿಂತ. ಜಕ್ಕಪ್ಪನೂ ಸೇರಿ ಅಂಥವರು ಎಷ್ಟು ಜನ ಎಂದು ಕೇಳಿದ್ದಕ್ಕೆ, ಯೋಚಿಸದೆಯೇ, "ಹದಿನಾಲ್ಕ ಮನಿ ಮೇಡಂ," ಎಂದ.

"ನಿನಗ ಗೊತ್ತಿತ್ತಾ?"

"ಸ್ವಲ್ಪ ಗೊತ್ತಿತ್ತರಿ. ದೊಡ್ಡಿ ನೋಡಿದ್ರ ಕಾಣತೈತಲ್ರಿ."

"ಮತ್ತ ಯಾಕ ಹೇಳಲಿಲ್ಲ?"

ಅವನು ಸರಿತಾಳ ಕಡೆ ನೋಡಿದ. ಅವಳು ಕಂಪ್ಯೂಟರ್ ನೋಡಿದಳು. "ಕೂಡಿ ಉಣ್ಣುಮುಂದ ಬಾಯಿಗೆ ಬರೂ ಮಾತರಿ ಅದು. ಹಿಂಗ ಮೇಜಿನ ಮುಂದ ನಿಂತು, ಮೇಡಂ ನಿಮ್ಮ ಲೆಕ್ಕ ತಪ್ಪೈತಿ ಅಂತ ಹೆಂಗ ಹೇಳಲಿ?"

ನನಗೆ ಅವನ ಮೇಲೆ ಸಿಟ್ಟು ಬರಲಿಲ್ಲ. ಅಂದು ಮಧ್ಯಾಹ್ನ ಡಬ್ಬಿ ಹಿಡಿದು ಸ್ಟೋರಿನ ಬಾಗಿಲವರೆಗೆ ಹೋದೆ. ಒಳಗೆ ಇಬ್ಬರೂ ನಗುತ್ತಿದ್ದರು. ಎಷ್ಟು ಚೆನ್ನಾಗಿ ನಗುತ್ತಿದ್ದರೆಂದರೆ, ಕೆಡಿಸಲು ಮನಸ್ಸಾಗದೆ ವಾಪಸು ಬಂದೆ.

ಬುಧವಾರ ಎಪ್ಪತ್ತಕ್ಕೂ ಹೆಚ್ಚು ಜನ ಸೇರಿದರು. ಗಂಡಸರು ಕಟ್ಟೆಯ ಮೇಲೆ, ಹೆಂಗಸರು ಬೇವಿನ ಗಿಡದ ಕೆಳಗೆ. ನಾನು ನಡುವೆ ನಿಂತೆ. ಯುವರಾಜನ ಹಾಗೆ ಚಿತ್ರ ಬಿಟ್ಟು ಹೇಳುವ ವಿಷಯವಲ್ಲ. ಎರಡೇ ಮಾತಿನಲ್ಲಿ ಹೇಳಿದೆ. ನೂರಾ ಒಂದು ಎಂಬುದನ್ನು ನಾನು ಲೆಕ್ಕ ಎಂದು ತಿಳಿದೆ, ಅದು ಹಾರೈಕೆಯ ಮಾತು ಎಂದು ತಿಳಿಯಲಿಲ್ಲ. ಅದರಿಂದ ಹದಿನಾಲ್ಕು ಮನೆಗಳ ಹಿಂಡು ಕರಗಿದೆ. "ಭಂಡಾರ ಹಿಡಸಿದ್ದು ನಾನ. ತಪ್ಪೂ ನಂದ. ತಗೊಂಡ ಮಾತು ತಿರುಗಿ ಕೊಡಾಕ ಬಂದೇನಿ."

ಭಂಡಾರದ ತಟ್ಟೆ ಗುರುಪಾದಪ್ಪನ ಕೈಯಲ್ಲಿತ್ತು. ಅವರು ಪೂಜಾರಿಯ ಮುಖ ನೋಡಿದರು, ಪೂಜಾರಿ ನನ್ನ ಮುಖ ನೋಡಿದ. ನಾನು ಆ ತಟ್ಟೆ ಮುಟ್ಟಬಹುದೋ ಬಾರದೋ ಎಂಬುದು ಇಬ್ಬರ ಕಣ್ಣಿನಲ್ಲೂ ಓಡಾಡಿತು. ನಾನು ಕೈ ಚಾಚಿ ನಿಂತೇ ಇದ್ದೆ. ಚಾಚಿದ ಕೈ ಬಹಳ ಭಾರ. ಕೊನೆಗೆ ಪೂಜಾರಿಯೇ ಅಂದ, "ಹಿಡೀರಿ. ಬಿಟ್ಟೆ ಅನ್ರಿ. ತಟ್ಟಿಯೊಳಗ ಹಾಕ್ರಿ."

ಹಿಡಿದೆ. ಬಿಟ್ಟೆ ಎಂದೆ. ಹಾಕಿದೆ. ಅಂಗೈಯಲ್ಲಿ ಹಳದಿ ಉಳಿಯಿತು. ಕಟ್ಟೆಯ ಮೂಲೆಯಲ್ಲಿ ಜಕ್ಕಪ್ಪ ಪಟಕ ತೆಗೆದು ಮಂಡಿಯ ಮೇಲಿಟ್ಟುಕೊಂಡ. ಅಷ್ಟೇ.

"ಇನ್ನ ಮುಂದ ಹೆಂಗರಿ?" ಎಂದು ಯಾರೋ ಕೇಳಿದರು. "ಮತ್ತ ಎಣಿಸಾಕ ಬರತೀರೇನು?"

ಬೇವಿನ ಗಿಡದ ಕೆಳಗಿಂದ ಪದ್ಮವ್ವನ ದನಿ ಬಂತು. "ಎಷ್ಟ ಅದಾವು ಅಂತ ಕೇಳಿದ್ರ ನಮ್ಮ ಗಂಡಸರ ಬಾಯಾಗ ಖರೆ ಬರೂದಿಲ್ಲ. ಈ ತಿಂಗಳ ಎಷ್ಟ ಕೊಡತೀರಿ ಅಂತ ಕೇಳ್ರಿ. ಅದಕ್ಕ ಸುಳ್ಳ ಹೇಳಾಕ ಬರೂದಿಲ್ಲ, ಗಾಡಿ ಬಂದ ನಿಲ್ಲತೈತಿ."

ಹತ್ತೊಂಬತ್ತು ವರ್ಷದ ಅನುಭವ ನನ್ನದು, ಯುವರಾಜನದು ದೊಡ್ಡ ಓದು. ಇಬ್ಬರಿಗೂ ಹೊಳೆಯದ ಪ್ರಶ್ನೆಯನ್ನು ಅವಳು ಎಲೆಯಡಿಕೆ ಜಗಿಯುತ್ತ ಹೇಳಿದ್ದಳು. ಸಂಜಯ ಪುಸ್ತಕ ತೆಗೆದ. ಒಬ್ಬೊಬ್ಬರೇ ಹೇಳತೊಡಗಿದರು. ನಾಲ್ಕು. ಎರಡು. ಏಳು. ಜಕ್ಕಪ್ಪ ಒಂದು ಎಂದ.

"ಗುರುಪಾದಪ್ಪಾ, ನಿಂದೆಷ್ಟೊ?" ಎಂದ ಒಬ್ಬ ಮುದುಕ.

"ಎಂಟು."

"ಎಂಟಾ? ಮುನ್ನೂರ..."

"ಲೇ, ಎಣಿಸಬ್ಯಾಡ!" ಎಂದು ಗುರುಪಾದಪ್ಪ ಗದರಿದರು. ಇಡೀ ಗುಡಿ ನಕ್ಕಿತು. ಬೈಸಿಕೊಂಡ ಮುದುಕನೇ ಎಲ್ಲರಿಗಿಂತ ಜೋರಾಗಿ ನಕ್ಕ. ಗುರುಪಾದಪ್ಪ ಎಂಟನ್ನು ಹನ್ನೆರಡು ಮಾಡಿದರು. ಅದಕ್ಕಿಂತ ಮೇಲೆ ಹೋಗಲಿಲ್ಲ. ದಲ್ಲಾಳಿಯ ದರ ಆ ವಾರ ನಮಗಿಂತ ಹೆಚ್ಚಿತ್ತು, ಮಾತಿನ ಗಂಟು ನಾನೇ ಬಿಚ್ಚಿದ್ದೆ.

ಬರದವರನ್ನೂ ಫೋನಿನಲ್ಲಿ ಕೇಳಿ ಕೂಡಿಸಿದಾಗ ಮುನ್ನೂರ ಐವತ್ತೆರಡು ಆಯಿತು. ಆರು ನೂರಕ್ಕೆ ಎಷ್ಟೋ ಕಡಿಮೆ, ಒಂಬೈನೂರರ ಮಾತೇ ಇಲ್ಲ.

ಜನ ಚದುರಿದ ಮೇಲೆ ನಿರ್ದೇಶಕರು ಏಳು ಮಂದಿ ಚಹಾಕ್ಕೆಂದು ಎದುರಿನ ಹೋಟೆಲಿಗೆ ಹೋದರು. ಬರ್ರಿ ಎಂದು ಒಬ್ಬರೂ ಹೇಳಲಿಲ್ಲ, ನಾನು ಕಟ್ಟೆಯ ಮೇಲೆ ಕೂತೆ. ಅರ್ಧ ಗಂಟೆಯ ನಂತರ ಗುರುಪಾದಪ್ಪ ಒಬ್ಬರೇ ಬಂದು, ಒಂದು ಮೊಳ ದೂರದಲ್ಲಿ ಕೂತರು.

"ಖರೀದಿದಾರಗ ಫೋನ್ ಮಾಡಿದ್ವಿ. ಮೂರೂವರೆ ನೂರಕ್ಕ ಅಂವಾ ಒಪ್ಪಂದ ಮಾಡೂದಿಲ್ಲ. ಸಣ್ಣ ವ್ಯಾಪಾರಿಗೆ ಕೊಡಬೇಕು. ಸಣ್ಣ ವ್ಯಾಪಾರದಾಗ ನಿಮ್ಮಂಥ ದೊಡ್ಡ ಪಗಾರದವರನ್ನ ಹೆಂಗ ಇಟಗೊಳ್ಳೂದು?" ಗಂಟಲು ಸರಿಮಾಡಿಕೊಂಡರು. "ಮಾರ್ಚ್ ಮುಗಿಯೂತನಕ ಇರ್ರಿ. ಸಂಜಯ ನೋಡಕೊಂಡ ಹೋಗತಾನ. ನೀವು ಮಾಡಿದ್ದು ತಪ್ಪಂತ ನಾ ಅನ್ನೂದಿಲ್ಲ."

"ಆಗಲಿರಿ," ಎಂದೆ. ಹೇಳಿದ್ದನ್ನೇ ಮಾಡಿದ್ದರು. ಮನುಷ್ಯ ಕೆಟ್ಟವರಲ್ಲ.

ಗುರುವಾರ ತುಬಚಿಯ ಕಡೆಯ ಗಾಡಿಯಲ್ಲಿ ನಾನೇ ಹೊರಟೆ. ಸಂಜಯ ಬೇರೆ ದಾರಿಗೆ ಹೋಗಿದ್ದ. ಡ್ರೈವರ್ ಗುರುಸಿದ್ದ ಇಡೀ ದಾರಿ ಕಿವಿಗೆ ಫೋನು ಸಿಕ್ಕಿಸಿಕೊಂಡು ಹೆಂಡತಿಯೊಂದಿಗೆ ಮಗಳ ಸಾಲೆಯ ಸುದ್ದಿ ಮಾತಾಡುತ್ತಿದ್ದ. ನಡುವೆ ಒಮ್ಮೆ ನನ್ನ ಕಡೆ ತಿರುಗಿ, "ಕಿಡಕಿ ಹಾಕಲೇನ್ರಿ, ಧೂಳ ಬರತೈತಿ," ಎಂದ. ಬೇಡ ಎಂದೆ.

ಮೊದಲ ಬಿಡಾರವೇ ಜಕ್ಕಪ್ಪನದು. ರಸ್ತೆಯ ಮಗ್ಗುಲಿಗೆ ಒಂದು ಗಂಡುಮರಿಯನ್ನು ತೊಡೆಗಳ ನಡುವೆ ಒತ್ತಿ ಹಿಡಿದು ನಿಂತಿದ್ದ. ಹೊಲದಲ್ಲಿ ಉಳಿದವು ಮೇಯುತ್ತಿದ್ದವು. ಕೆಲವುಗಳ ಬೆನ್ನಿನ ಕೆಂಪನ್ನು ತಿಕ್ಕಿ ತೊಳೆದಿದ್ದರು, ಪೂರ್ತಿ ಹೋಗಿರಲಿಲ್ಲ. ಮರಿ ತೂಗಿದೆವು, ಹತ್ತೊಂಬತ್ತೂವರೆ ಕಿಲೊ. ಚೀಟಿಯಲ್ಲಿ ಒಂದು ಎಂದು ಬರೆದು ಕೊಟ್ಟೆ. ಅವನು ಮಡಚಿ ಪಟಕದೊಳಗೆ ಸೇರಿಸಿಕೊಂಡ.

ಪದ್ಮವ್ವ ಬಟ್ಟೆಯಲ್ಲಿ ಎರಡು ರೊಟ್ಟಿ, ಗುರೆಳ್ಳು ಚಟ್ನಿ ಕಟ್ಟಿ ತಂದಳು. "ಕೂತು ಉಂಡ ಹೋಗ್ರಿ ಮಿತ್ರವ್ವಾ."

"ಇನ್ನೂ ಹನ್ನೊಂದ ಕಡೆ ಹೋಗಬೇಕ್ರಿ. ಬಿಸಲಿಗೆ ಮರಿ ತಡಿಯೂದಿಲ್ಲ."

"ಹಂಗಾದ್ರ ದಾರ್ಯಾಗ ತಿನ್ರಿ. ಮುಂದಿನ ತಿಂಗಳ ಬಂದಾಗ ಕೂಡ್ರಿ. ನಾವು ನಾಳಿ ಹೊಳಿ ದಾಟತೇವಿ, ಅಥಣಿ ಕಡೆ ಇರತೇವಿ. ಸಂಜಯಗ ಗೊತ್ತೈತಿ ಜಾಗಾ."

"ಮುಂದಿನ ತಿಂಗಳ ಸಂಜಯನ ಬರತಾನ್ರಿ. ನಂದು ಈ ತಿಂಗಳಿಗೆ ಮುಗೀತು."

ಅವಳು ನನ್ನನ್ನು ನೋಡಿದಳು. ಜಕ್ಕಪ್ಪನನ್ನು ನೋಡಿದಳು. ಆಮೇಲೆ ರೊಟ್ಟಿಯ ಗಂಟು ಬಿಚ್ಚಿ ಇನ್ನೊಂದು ರೊಟ್ಟಿ ಇಟ್ಟು ಮತ್ತೆ ಕಟ್ಟಿದಳು.

ಗಾಡಿ ಹೊರಟಿತು. ಗುರುಸಿದ್ದನ ಫೋನು ಮತ್ತೆ ಹತ್ತಿತು. ಹಿಂದಿನ ಹಲಗೆಗಳ ನಡುವೆ ಆ ಒಂದೇ ಮರಿ ಅತ್ತಿತ್ತ ಜಾರುತ್ತ, ಬಿಡದೆ ಕೂಗುತ್ತಿತ್ತು. ಮುಂದಿನ ಬಿಡಾರ ಎಂಟು ಮೈಲು ದೂರ. ಅಲ್ಲಿ ಇನ್ನೆರಡು ಮರಿಗಳನ್ನು ಹತ್ತಿಸಿದ ಮೇಲೆ ಅದು ಸುಮ್ಮನಾಯಿತು. ನಾನು ಮುಂದೆ ಕೂತು ಗಂಟು ಬಿಚ್ಚಿದೆ.